ಅಡುಗೆಮನೆಗೆ ಹಚ್ಚಿದ ಕೆಂಪು

ನಮ್ಮ ಮನೆಗೆ ಬಂದವರು ಕೂರುವ ಮೊದಲೇ ಆ ಕೆಂಪಿನ ಮಾತೆತ್ತುತ್ತಾರೆ. ಗೋಡೆ, ನೆಲ, ಸೋಫಾ ಎಲ್ಲ ಕೆನೆಬಣ್ಣ. ನಡುವೆ ಅಡುಗೆಮನೆಯ ಬಾಗಿಲ ಚೌಕಟ್ಟು ಮತ್ತು ಮುಂಬಾಗಿಲಿನ ಒಳಮೈ ಕಡುಗೆಂಪು. ಪಕ್ಕದ ಮನೆಯಾಕೆಯಂತೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. "ಯಾವ ಡಿಸೈನರ್ ಕೈಲಿ ಮಾಡಿಸ್ದ್ರಿ? ಮನೆಗೊಂದು ಕಳೆ ಬಂದದೆ ಕಣ್ರೀ" ಅಂದಳು. ನಾವೇ ಬಳ್ಕೊಂಡಿದ್ದು ಅಂದು ಕಾಫಿ ಮಾಡಲು ಎದ್ದೆ. ಇದ್ದದ್ದನ್ನು ಬಿಡಿಸಿ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಮದ್ದೂರಿನಲ್ಲಿ ಈ ಮನೆ ಕಟ್ಟಿಸಿದಾಗ ಕೆನೆಬಣ್ಣ ಆರಿಸಿದ್ದು ನಮ್ಮೆಜಮಾನರು. ಬಾಗಿಲುಗಳಿಗೂ ಅದೇ ಬಣ್ಣ. ರಿಚ್ಚಾಗಿ ಕಾಣಬೇಕಂತೆ. ಕೆರಗೋಡಿನಿಂದ ನಮ್ಮ ಜೊತೆ ಇರಲು ಬಂದ ಅತ್ತೆಗೆ ಮಾತ್ರ ಅದರಲ್ಲಿ ಗೋಡೆ ಯಾವುದು, ಬಾಗಿಲು ಯಾವುದು ಅಂತ ತಿಳಿಯುತ್ತಿರಲಿಲ್ಲ. ಕಣ್ಣು ಮಂಜು, ಅದರ ಮೇಲೆ ಮರೆವು. ಗೋಡೆ ಸವರಿಕೊಂಡು ಹೋಗಿ ಹೋಗಿ, ಬಚ್ಚಲುಮನೆ ಸಿಗದೆ, ಹಾಲಿನ ಮೂಲೆಯಲ್ಲೇ ಕೂತುಬಿಡುತ್ತಿದ್ದರು.

ನಾನು ಮಳವಳ್ಳಿಯ ಆಚೆ ಒಂದು ಶಾಲೆಯಲ್ಲಿ ಮೇಷ್ಟ್ರಮ್ಮ. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಯಜಮಾನರು ಮಂಡ್ಯದ ಆಫೀಸಿಗೆ ನನಗಿಂತ ಮೊದಲೇ ಹೊರಡುತ್ತಾರೆ. ಹಗಲೆಲ್ಲ ಅತ್ತೆ ಒಬ್ಬರೇ. ಒಂದು ದಿನ ಕಾಫಿ ಕಾಯಿಸಲು ಗ್ಯಾಸ್ ತಿರುಗಿಸಿ, ಹಚ್ಚುವುದನ್ನು ಮರೆತು ಬಂದು ಮಲಗಿದ್ದರು. ಪಕ್ಕದ ಮನೆಯಾಕೆಗೆ ವಾಸನೆ ಬಡಿದಿದ್ದರಿಂದ ಜೀವ ಉಳಿಯಿತು. ಇನ್ನೊಂದು ದಿನ ಮುಂಬಾಗಿಲು ತೆಗೆದುಕೊಂಡು ಹೋಗಿ, ಬೆಂಗಳೂರು ರಸ್ತೆಯ ಅಂಚಿನಲ್ಲಿ ನಿಂತು ಕೆರಗೋಡಿನ ಬಸ್ಸು ಕೇಳುತ್ತಿದ್ದರಂತೆ. "ಬೀಗ ಹಾಕ್ಕೊಂಡು ಹೋಗು" ಅಂದರು ಯಜಮಾನರು. ಹೇಳಲು ಅವರಿಗೇನು? ಬೀಗ ಹಾಕಿದ್ದು ಸೊಸೆ ಅಂತ ತಾನೆ ಊರು ಆಡಿಕೊಳ್ಳುವುದು. ನನ್ನ ರಜೆಗಳೆಲ್ಲ ಮುಗಿದಿದ್ದವು. ಅವರನ್ನು ಒಬ್ಬರನ್ನೇ ಬಿಟ್ಟುಹೋಗಲು ಒಂದು ದಾರಿ ಸಿಗದಿದ್ದರೆ ಕೆಲಸ ಬಿಡಬೇಕಿತ್ತು.

ಮಂಡ್ಯದ ಕಣ್ಣಿನ ಡಾಕ್ಟರು, "ಎದ್ದು ಕಾಣೋ ಬಣ್ಣ ಹಾಕಿ, ಕೆಂಪು ಹಾಕಿ" ಅಂದರು. ಮೊದಲು ಬಚ್ಚಲುಮನೆಯ ಬಾಗಿಲಿಗೂ ಹೊಸಲಿಗೂ ಕೆಂಪು ಬಳಿಸಿದೆ. ಅತ್ತೆಗೆ ಕಂಡಿತು. ಎದುರಿಗೆ ಹೋಗಿ ನಿಂತರು, ಆದರೆ ಕಾಲೆತ್ತಲಿಲ್ಲ.

"ಹೋಗಿ ಅತ್ತೆ, ಬಚ್ಚಲುಮನೆ ಅದೇ."

"ಕೆಂಪು ವಸ್ಲು ಕಣವ್ವ. ನಾನು ದಾಟೋ ಅಂಗಿಲ್ಲ. ನಮ್ಮತ್ತೆ ನೋಡುದ್ರೆ ಬಯ್ತದೆ. ಇತ್ಲು ಬಾಗ್ಲಲ್ಲಿ ಬತ್ತೀನಿ ಬುಡು."

ಅವರ ಅತ್ತೆ ಸತ್ತು ಯಾವ ಕಾಲವಾಯಿತೋ. ನಮ್ಮ ಮನೆಗೆ ಹಿತ್ತಲೂ ಇಲ್ಲ, ಹಿತ್ತಲ ಬಾಗಿಲೂ ಇಲ್ಲ. ಹೊಸಲ ಮುಂದೆಯೇ ಅವರ ಸೀರೆ ಒದ್ದೆಯಾಯಿತು. ಸೀರೆ ಬದಲಾಯಿಸಿ, ನೆಲ ಒರೆಸಿ, ಅಲ್ಲೇ ಗೋಡೆಗೊರಗಿ ಕೂತೆ.

ಆಮೇಲೆ ಯಜಮಾನರು ಹೇಳಿದರು. ಯಜಮಾನರು ಚಿಕ್ಕ ಹುಡುಗನಾಗಿದ್ದಾಗಲೇ ನಮ್ಮ ಮಾವ ತೀರಿಕೊಂಡಿದ್ದರು. ಕೆರಗೋಡಿನ ಮನೆಯ ತಲೆಬಾಗಿಲಿಗೂ ದೇವರ ಮನೆಗೂ ಕೆಂಪು ಹೊಸಲು. ಅದು ಮುತ್ತೈದೆಯರು ದಾಟುವ ಹೊಸಲು, ನಿನಗೆ ಹಿತ್ತಲ ಬಾಗಿಲು ಅಂತ ಅಜ್ಜಿ, ಅಂದರೆ ಅತ್ತೆಯ ಅತ್ತೆ, ಕಟ್ಟಪ್ಪಣೆ ಮಾಡಿದ್ದರಂತೆ. ಅಜ್ಜಿ ಹೋದ ಮೇಲೆ ಆ ಕಟ್ಟು ಬಿದ್ದುಹೋಯಿತು. ನಾನು ಮದುವೆಯಾಗಿ ಬಂದಾಗ ಅತ್ತೆ ತಲೆಬಾಗಿಲಲ್ಲೇ ಧಾರಾಳವಾಗಿ ಓಡಾಡಿಕೊಂಡಿದ್ದರು. ಮರೆವು ಈಚಿನದನ್ನೆಲ್ಲ ತಿಂದು, ಆ ಹಳೆಯದನ್ನು ಮಾತ್ರ ಉಳಿಸಿತ್ತು.

ಮಾರನೆಯ ದಿನ ಬಚ್ಚಲುಮನೆಯ ಬಾಗಿಲಿಗೂ ಹೊಸಲಿಗೂ ಕಡುಹಸಿರು ಬಳಿಸಿದೆ. ಅತ್ತೆ ಸಲೀಸಾಗಿ ಒಳಗೆ ಹೋಗಿಬಂದರು. ಡಬ್ಬದಲ್ಲಿ ಕೆಂಪು ಬಣ್ಣ ಉಳಿದಿತ್ತು. ದಣಿದವರಿಗೆ ಕೆಟ್ಟ ಉಪಾಯ ಬೇಗ ಹೊಳೆಯುತ್ತದೆ. ಭಾನುವಾರ ನಾನೇ ಬ್ರಷ್ಷು ಹಿಡಿದು ಅಡುಗೆಮನೆಯ ಚೌಕಟ್ಟಿಗೆ, ಹೊಸಲಿಗೆ, ಮುಂಬಾಗಿಲಿನ ಒಳಮೈಗೆ ಕೆಂಪು ಹಚ್ಚಿದೆ.

"ಇದೇನು, ಮನೇನ ಮಾರಮ್ಮನ ಗುಡಿ ಮಾಡ್ತಿದ್ದೀಯಾ?" ಅಂದರು ಯಜಮಾನರು.

"ಕೆನೆಬಣ್ಣಕ್ಕೆ ಒಪ್ಪುತ್ತೆ" ಅಂದೆ. ನಂಬಿದರೋ, ನಂಬಿದ ಹಾಗಿದ್ದರೋ. ಅಲಂಕಾರ ಅನ್ನಿಸಲಿ ಅಂತ ಕೆಂಪು ಪರದೆ, ಎರಡು ಕೆಂಪು ದಿಂಬೂ ತಂದೆ.

ಉಪಾಯ ಫಲಿಸಿತು. ಅತ್ತೆ ಅಡುಗೆಮನೆಯವರೆಗೂ ಬರುತ್ತಾರೆ, ಕೆಂಪು ಕಂಡೊಡನೆ ನಿಂತು ಹಿಂತಿರುಗುತ್ತಾರೆ. ಮುಂಬಾಗಿಲ ಹತ್ತಿರಕ್ಕೂ ಸುಳಿಯುವುದಿಲ್ಲ. ಊಟ, ಫ್ಲಾಸ್ಕಿನ ಕಾಫಿ ಎಲ್ಲ ಹಾಲಿನಲ್ಲೇ ಇಟ್ಟು ಹೊರಡುತ್ತೇನೆ. ಎಷ್ಟೋ ಕಾಲದ ಮೇಲೆ ಬಸ್ಸಿನ ಕಿಟಕಿಗೆ ತಲೆಯಿಟ್ಟು ಮಳವಳ್ಳಿಯವರೆಗೂ ನಿದ್ದೆ ಮಾಡಿದೆ. ಆ ನಿದ್ದೆ ನನಗೆ ಬೇಕಾಗಿತ್ತು. ಇಂಥ ಬೇಲಿ ಹಾಕಿ ನಿದ್ದೆ ಮಾಡುವ ಹೆಂಗಸು ಎಂಥವಳು ಅಂತ ಇಳಿಯುವಾಗ ನನಗೇ ಅನ್ನಿಸುತ್ತಿತ್ತು.

ಮೊನ್ನೆ ರಜೆಯ ದಿನ ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಕಾಫಿ ಕುಡಿದ ಲೋಟ ಹಿಡಿದು ಹೊಸಲಿನಾಚೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಯಾಕವ್ವ, ಇವತ್ತಾರ ನಾನು ಒಳೀಕೆ ಬರ್ಬೋದಾ?"

ನಾನು ಅಲ್ಲೇ ಇದ್ದೆ, ಒಲೆ ನನ್ನ ಕೈಯಲ್ಲೇ ಇತ್ತು. ಕರೆದಿದ್ದರೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಕರೆಯಬೇಕು ಅಂತ ಬಾಯಿತನಕ ಬಂತು. ಆದರೆ ಇವತ್ತು ದಾಟಿದವರು ನಾಳೆ ನಾನಿಲ್ಲದಾಗಲೂ ದಾಟುತ್ತಾರೆ. ನಾಳೆ ಶಾಲೆಯಿತ್ತು.

"ಬೇಡ ಅತ್ತೆ, ಅಲ್ಲೇ ಇರಿ. ನಾನೇ ತಗೋತೀನಿ" ಅಂದೆ.

ಲೋಟವನ್ನು ಹೊಸಲ ಈಚೆಗೆ ಚಾಚಿದರು, ಕಾಲು ತಾಗದ ಹಾಗೆ.

"ಆಯ್ತು ಬುಡವ್ವ" ಅಂದರು. "ನಮ್ಮತ್ತೆಗಿಂತ ನೀನೇ ವಾಸಿ. ಬಯ್ಯದಂಗೆ ಏಳ್ತೀಯ."