ಡಿ ಡ್ರೈವಿನ ಬದು ಹುಡುಕುವ ಜ್ಯೋತಿಲಕ್ಷ್ಮಿ

ಬೆಳಿಗ್ಗೆ ಐದೂಮುಕ್ಕಾಲು. ಸವಳಂಗದ ಈ ಮನೆಯಲ್ಲಿ ಇನ್ನೂ ಹಾಲು ಕಾಯಿಸಲಿಕ್ಕೂ ಯಾರೂ ಒಲೆ ಹಚ್ಚಿಲ್ಲ. ನಡುಮನೆಯ ಚಾಪೆಯ ಮೇಲೆ ಕಂಪ್ಯೂಟರಿನ ಡಬ್ಬ ಬಾಯಿ ತೆರೆದು ಮಲಗಿದೆ. ಅದರ ಮುಂದೆ ಕೂತ ಜ್ಯೋತಿಲಕ್ಷ್ಮಿ ನಾಲ್ಕು ಸ್ಕ್ರೂ ಬಿಚ್ಚಿ, ಅಂಗೈಯಗಲದ ಹಾರ್ಡ್‌ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ಲ್ಯಾಪ್‌ಟಾಪಿಗೆ ಜೋಡಿಸುತ್ತಿದ್ದಾರೆ. ನ್ಯಾಮತಿಯಿಂದ ಕತ್ತಲಲ್ಲೇ ಸ್ಕೂಟಿಯಲ್ಲಿ ಬಂದವರು ಇನ್ನೂ ಸ್ವೆಟರ್ ಕೂಡ ಬಿಚ್ಚಿಲ್ಲ.

"ಒಂಬತ್ತರ ಬಸ್ಸಿಗೆ ಚೌಡಮ್ಮ ಬರ್ತಾಳೆ," ಎನ್ನುತ್ತಾರೆ ಮನೆಯ ಹಿರಿಯರಾದ ಪ್ರೇಮಮ್ಮ. ಐದು ನಿಮಿಷದಲ್ಲಿ ಇದು ಮೂರನೇ ಸಲ.

"ಗೊತ್ತೈತೆ ನರ್ಸಮ್ಮ. ಸುಮ್ನೆ ಕುಂತ್ಕಳ್ರಿ. ನೀವು ಓಡಾಡಿದ್ರೆ ಚಾಪೆ ಅಲ್ಲಾಡ್ತೈತೆ."

ಪ್ರೇಮಮ್ಮ ಮೂವತ್ತೆರಡು ವರ್ಷ ಈ ಸುತ್ತಿನ ಹಳ್ಳಿಗಳಲ್ಲಿ ದಾದಿಯಾಗಿದ್ದವರು. ತಾವು ಮಾಡಿಸಿದ ಒಂದೊಂದು ಹೆರಿಗೆಯನ್ನೂ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ತಾಯಿಯ ಹೆಸರು, ಹೊತ್ತು, ಗಂಡೋ ಹೆಣ್ಣೋ, ತೂಕ, ಮಗು ಅತ್ತಿತೋ ಇಲ್ಲವೋ. ನಿವೃತ್ತಿಯಾದ ಮೇಲೆ ಒಂದೊಂದೇ ಬೆರಳಲ್ಲಿ ಟೈಪ್ ಕಲಿತು, ಎರಡು ವರ್ಷ ಹಿಡಿದು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದರು. ಸಾವಿರದ ಒಂಬೈನೂರ ಹದಿನಾಲ್ಕು ಸಾಲು. ಆಮೇಲೆ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಈಗ ಆ ಪಟ್ಟಿ ಇರುವುದು, ಅಥವಾ ನಿನ್ನೆ ಸಂಜೆಯವರೆಗೆ ಇದ್ದದ್ದು, ಡಿ ಡ್ರೈವಿನಲ್ಲಿ ಮಾತ್ರ.

ನಿನ್ನೆ ಸಂಜೆ ಆದದ್ದಿಷ್ಟು. ಸಿ ಡ್ರೈವ್ ತುಂಬಿ ಕೆಂಪಗಾಗಿತ್ತು, ಕಂಪ್ಯೂಟರ್ ತೆವಳುತ್ತಿತ್ತು. ಪ್ರೇಮಮ್ಮನ ಮಗ ಗುರುಬಸವರಾಜ್ ಹೈಸ್ಕೂಲಿನ ಗಣಿತದ ಮೇಷ್ಟ್ರು. ಒಂದು ವಿಡಿಯೊ ನೋಡಿ ತಾವೇ ರಿಪೇರಿಗೆ ಕೂತರು. ಆ ಜಾಗ ಸಿಗೆ ಸೇರಲೆಂದು ಖಾಲಿಯಿದ್ದ ಇ ಡ್ರೈವನ್ನು ಅಳಿಸಿದರು. ಸಿ ಬೆಳೆಯಲಿಲ್ಲ.

"ಬೆಳೆಯಾದೆಂಗೆ?" ಎನ್ನುತ್ತಾರೆ ಜ್ಯೋತಿಲಕ್ಷ್ಮಿ. "ಸಿ ಒಂದು ಹೊಲ, ಡಿ ಒಂದು, ಇ ಒಂದು. ಸಿ ಸಾಲ್ದು ಅಂದ್ರೆ ಅದರ ಮಗ್ಗುಲಾಗಿರೋ ಬೀಳನ್ನೇ ಸೇರಿಸ್ಬೇಕು. ನಡುವೆ ಡಿ ಕುಂತೈತಲ್ಲ!"

ಮೇಷ್ಟ್ರಿಗೂ ಅದು ಹೊಳೆಯಿತು. ಡಿಯಲ್ಲಿದ್ದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಡಿಯನ್ನೂ ಅಳಿಸಿ, ಸಿಯನ್ನು ಹಿಗ್ಗಿಸಿದರು. ಕಂಪ್ಯೂಟರ್ ಕುದುರೆಯಂತೆ ಓಡಿತು. ಖುಷಿಯಲ್ಲಿ ಪೆನ್‌ಡ್ರೈವ್ ತೆರೆದರೆ ಒಳಗೆ ಪಟ್ಟಿ ಇಲ್ಲ. ಅವರು ಹಾಕಿಕೊಂಡದ್ದು ಡೆಸ್ಕ್‌ಟಾಪಿನಲ್ಲಿದ್ದ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿನ ಶಾರ್ಟ್‌ಕಟ್. ಮನೆಯ ವಿಳಾಸದ ಚೀಟಿ ಜೇಬಿಗಿಟ್ಟುಕೊಂಡು ಮನೆಯನ್ನೇ ಕೆಡವಿದ್ದರು.

ಅವರು ನ್ಯಾಮತಿಗೆ ಫೋನ್ ಮಾಡಿದಾಗ ಜ್ಯೋತಿಲಕ್ಷ್ಮಿ ಕೇಳಿದ್ದು ಒಂದೇ ಮಾತು. "ಕಂಪ್ಯೂಟರ್ ಆನ್ ಐತಾ?" ಹೌದು ಎಂದಾಗ ಕೂಗಿಯೇಬಿಟ್ಟರು. "ವೈರ್ ಕೀಳ್ರಿ ಸರ್! ಶಟ್‌ಡೌನ್ ಮಾಡ್ಬ್ಯಾಡ್ರಿ, ವೈರ್ ಕೀಳ್ರಿ!"

ಕಾರಣವನ್ನು ಅವರು ಈಗ, ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾರೆ. "ಬದು ಕಿತ್ತಾಕಿದ್ರೆ ಹೊಲದಾಗಿನ ಬೆಳೆ ಎಲ್ಲಿಗೂ ಹೋಗಲ್ಲ. ಅದರ ಮೇಲೆ ರಂಟೆ ಹೊಡೆದು ಉತ್ತುಬಿಟ್ರೆ ಹೋತು. ಶಟ್‌ಡೌನ್ ಆಗೋವಾಗ ಏನೇನೋ ಅಪ್‌ಡೇಟ್ ಬರ್ಕಂತೈತೆ. ಎಲ್ಲಿ ಬರ್ಕಂತೈತೋ ಯಾರಿಗೆ ಗೊತ್ತು?"

ಆರೂಕಾಲಿಗೆ ಹುಡುಕಾಟ ಶುರುವಾಗುತ್ತದೆ. ಕಿತ್ತುಹೋದ ಬದುವಿನ ಗುರುತು ಎಲ್ಲಾದರೂ ಉಳಿದಿದೆಯೇ ಎಂದು ತಂತ್ರಾಂಶ ಡಿಸ್ಕಿನ ಮೂಲೆಮೂಲೆ ತಡಕುತ್ತದೆ. ನೂರಕ್ಕೆ ಎರಡು. ನೂರಕ್ಕೆ ಮೂರು. ಮೇಷ್ಟ್ರು ಬಾಗಿಲ ಚೌಕಟ್ಟಿಗೆ ಒರಗಿ ಉಗುರು ಕಚ್ಚುತ್ತಿದ್ದಾರೆ.

"ಅವ್ವಾ, ಚೌಡಮ್ಮನ ಸಾಲು ನಿನಗೆ ಬಾಯಿಪಾಠ ಐತಲ್ಲ. ಸಿಗದಿದ್ರೆ ಹಂಗೇ ಹೇಳಿಬಿಡು."

ಪ್ರೇಮಮ್ಮ ಸಿಡುಕುತ್ತಾರೆ. "ಬಾಯಲ್ಲಿ ಅವಳ ಅತ್ತೇನೂ ಹೇಳಿದ್ಲು. ಇದು ಬರೆದಿದ್ದು ಕಣೋ."

ಇಪ್ಪತ್ತೆಂಟು ವರ್ಷದ ಹಿಂದೆ, ಇದೇ ಆಗಸ್ಟ್ ಏಳರಂದು, ಚೌಡಮ್ಮನಿಗೆ ಹೆರಿಗೆಯಲ್ಲಿ ಪ್ರಜ್ಞೆ ತಪ್ಪಿತ್ತು. ಎಚ್ಚರವಾಗುವಷ್ಟರಲ್ಲಿ ಮನೆಯವರು ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಸತ್ತೇ ಹುಟ್ಟಿತು ಎಂದರು ಅತ್ತೆ. ಎಷ್ಟೋ ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಪ್ರೇಮಮ್ಮ ತಾವು ಬರೆದುಕೊಂಡದ್ದನ್ನು ಹೇಳಿದರು. ಅಂದಿನಿಂದ ಪ್ರತಿವರ್ಷ ಈ ದಿನ ಓದು ಬಾರದ ಚೌಡಮ್ಮ ಬಂದು, ತನ್ನ ಸಾಲನ್ನು ಓದಿಸಿಕೊಂಡು ಹೋಗುತ್ತಾಳೆ.

ನೂರಕ್ಕೆ ಹನ್ನೊಂದು. ಈ ಕಾಯುವಿಕೆ ಜ್ಯೋತಿಲಕ್ಷ್ಮಿಗೆ ಹೊಸದಲ್ಲ. ನಲವತ್ತೊಂದರ ಅವರು ಹದಿನಾಲ್ಕು ವರ್ಷಗಳಿಂದ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾರೆ. ದಿನಕ್ಕೆ ಮೂರು ಮನೆ. ದೂರದ ಬಸವಾಪಟ್ಟಣ, ಸಂತೇಬೆನ್ನೂರಿನ ಕಡೆ ಹೋದ ದಿನ ಎರಡೇ. ಕಲಿತದ್ದು ಹೊನ್ನಾಳಿಯ ಕಂಪ್ಯೂಟರ್ ಸೆಂಟರೊಂದರಲ್ಲಿ, ಕಸ ಗುಡಿಸುತ್ತ. "ಕೀಬೋರ್ಡ್ ಮುಟ್ಟಂಗಿರ್ಲಿಲ್ಲ. ಧೂಳು ಒರೆಸಾಕೆ ಮಾತ್ರ ಮುಟ್ಟಬೋದಿತ್ತು. ನಾನು ಬಾಳ ಹೊತ್ತು ಒರೆಸ್ತಿದ್ದೆ," ಎಂದು ನಗುತ್ತಾರೆ.

ಶುರುವಿನಲ್ಲಿ ಕೆಲವು ಮನೆಯವರು ಇವರ ಕೇರಿ ಯಾವುದೆಂದು ಕೇಳಿ, ಡಬ್ಬವನ್ನು ಜಗುಲಿಗೇ ತಂದುಕೊಡುತ್ತಿದ್ದರು. ರಿಪೇರಿಯಾದದ್ದನ್ನು ಒಳಗೆ ಜೋಡಿಸಲು ಅವರಿಗೇ ಬರುತ್ತಿರಲಿಲ್ಲ. ಯಾವ ವೈರು ಎಲ್ಲಿಗೆಂದು ತಿಳಿಯದೆ ಒಬ್ಬೊಬ್ಬರಾಗಿ ಒಳಗೆ ಕರೆದರು. ಇದನ್ನು ಹೇಳುವಾಗ ಮಾತ್ರ ಅವರು ನಗುವುದಿಲ್ಲ.

ಅವರ ಡೈರಿಯ ಕೊನೆಯ ಪುಟದಲ್ಲಿ ಹನ್ನೊಂದು ಮನೆಗಳ ಹೆಸರಿದೆ. ಹುಡುಕಿಕೊಡಲು ಆಗದೆ ಹೋದ ಮನೆಗಳು. ಚನ್ನಗಿರಿಯ ಒಂದು ಮದುವೆಯ ವಿಡಿಯೊ, ಜಗಳೂರಿನಲ್ಲಿ ತೀರಿಹೋದ ತಂದೆಯೊಬ್ಬರ ಭಜನೆಯ ಧ್ವನಿ. "ಅವರ ಮುಖ ನೋಡಾಕಾಗ್ಲಿಲ್ಲ. ಹನ್ನೆರಡನೇದು ಬರೆಯೋ ಹಂಗಾಗಬಾರ್ದು," ಎಂದವರ ಕಣ್ಣು ಮತ್ತೆ ಪರದೆಗೆ ಹೋಗುತ್ತದೆ.

ಎಂಟೂಕಾಲು. ಹಳೆಯ ಡಿ ಡ್ರೈವಿನ ಗುರುತು ಸಿಗುತ್ತದೆ. ಮೊಮ್ಮಕ್ಕಳ ಫೋಟೊಗಳಲ್ಲಿ ಅರ್ಧ ಕೆಟ್ಟಿವೆ. ರಂಟೆ ಅಲ್ಲಿ ಆಡಿದೆ. ಪಟ್ಟಿಯ ಫೈಲ್ ಇದೆ. ಜ್ಯೋತಿಲಕ್ಷ್ಮಿ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ತೆರೆಯುತ್ತಾರೆ. ಪರದೆಯ ತುಂಬ ಡಿಗ್ರಿ ಗುರುತು, ಪೌಂಡ್ ಗುರುತು, ತಲೆಯ ಮೇಲೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರ. ಕನ್ನಡದ ಒಂದು ಅಕ್ಷರವೂ ಇಲ್ಲ.

ಪ್ರೇಮಮ್ಮ ಗೋಡೆ ಹಿಡಿದುಕೊಂಡು ಕೂರುತ್ತಾರೆ. "ಹೋತು," ಎನ್ನುತ್ತಾರೆ ಮೇಷ್ಟ್ರು, ಸಣ್ಣ ದನಿಯಲ್ಲಿ.

ಜ್ಯೋತಿಲಕ್ಷ್ಮಿ ಪರದೆಯನ್ನು ದಿಟ್ಟಿಸುತ್ತಾರೆ. ಆಮೇಲೆ ಕೇಳುತ್ತಾರೆ. "ನರ್ಸಮ್ಮ, ಯಾವುದ್ರಾಗೆ ಟೈಪ್ ಮಾಡಿದ್ರಿ? ಹಳೇ ನುಡಿ ಸಾಫ್ಟ್‌ವೇರಿನಾಗಾ?"

"ಹೂಂ ಕಣೆ. ಅದೊಂದೇ ಕಲಿಸಿದ್ರು."

"ಹಂಗಾದ್ರೆ ಅಳಬ್ಯಾಡ್ರಿ. ನನ್ನ ಲ್ಯಾಪ್‌ಟಾಪಿಗೆ ಆ ಅಕ್ಷರದ ಫಾಂಟ್ ಇಲ್ಲ, ಅಷ್ಟೆ." ಹಳೆಯ ಡಿಸ್ಕಿನಿಂದಲೇ ಆ ಫಾಂಟಿನ ಫೈಲ್ ತೆಗೆದು ಹಾಕುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚುಕ್ಕೆ, ಗೆರೆಗಳೆಲ್ಲ ಕನ್ನಡವಾಗುತ್ತವೆ. ಕೊನೆಯ ಸಾಲಿನವರೆಗೆ ಎಳೆದು ನೋಡುತ್ತಾರೆ. ಸಾವಿರದ ಒಂಬೈನೂರ ಹದಿನಾಲ್ಕು. ಆಗ ಸ್ವೆಟರ್ ಬಿಚ್ಚುತ್ತಾರೆ.

ಒಂಬತ್ತೂ ಹತ್ತಕ್ಕೆ ಚೌಡಮ್ಮ ಬಾಗಿಲಲ್ಲಿ. ಸೆರಗಿನಲ್ಲಿ ಎರಡು ಬಾಳೆಹಣ್ಣು. "ಇವರ್ಯಾರು?" ಎನ್ನುತ್ತಾಳೆ.

ಪ್ರೇಮಮ್ಮ ಬಾಯಿ ತೆರೆಯುವ ಮೊದಲೇ ಜ್ಯೋತಿಲಕ್ಷ್ಮಿ ಹೇಳುತ್ತಾರೆ. "ಕಂಪ್ಯೂಟರ್ ಧೂಳು ಒರೆಸಾಕೆ ಬಂದಿದ್ದೆ ಕಣಮ್ಮ."

ಕನ್ನಡಕ ಏರಿಸಿದರೂ ಪ್ರೇಮಮ್ಮನಿಗೆ ಕಣ್ಣು ಮಂಜು. "ನೀನೇ ಓದೆ," ಎನ್ನುತ್ತಾರೆ. ಜ್ಯೋತಿಲಕ್ಷ್ಮಿ ಓದುತ್ತಾರೆ. "ಸಾವಿರದ ನೂರ ಇಪ್ಪತ್ತಾರು. ತಾಯಿ ಚೌಡಮ್ಮ. ಹೆಣ್ಣು. ಬೆಳಿಗ್ಗೆ ಐದು ಹತ್ತು. ಒಂದು ಕೆಜಿ ಆರುನೂರು. ಎರಡು ಸಲ ಅತ್ತಿತು. ಐದು ನಲವತ್ತಕ್ಕೆ ಹೋಯಿತು."

"ಎರಡು ಸಲ," ಎನ್ನುತ್ತಾಳೆ ಚೌಡಮ್ಮ. ಹಣ್ಣುಗಳನ್ನು ಕಂಪ್ಯೂಟರಿನ ಪಕ್ಕ ಇಟ್ಟು, ನೀರು ಕುಡಿದು, ಬಸ್ಸಿಗೆ ಹೊರಡುತ್ತಾಳೆ.

ಪಟ್ಟಿಯನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಬಾಣದ ಗುರುತಿಲ್ಲ ನೋಡಿ ಎಂದು ಮೇಷ್ಟ್ರಿಗೆ ತೋರಿಸಿ, ಜ್ಯೋತಿಲಕ್ಷ್ಮಿ ಚೀಲ ಕಟ್ಟುತ್ತಾರೆ. ನಡೆದದ್ದನ್ನು ಚೌಡಮ್ಮನಿಗೆ ಯಾಕೆ ಹೇಳಲಿಲ್ಲವೆಂದು ಮೇಷ್ಟ್ರು ಕೇಳಿದರೆ ಸ್ಕೂಟಿಯ ಕೀಲಿ ತಿರುಗಿಸುತ್ತ ಹೇಳುತ್ತಾರೆ.

"ಒಂದು ರಾತ್ರಿ ಆ ಕೂಸಿನ ಅಳು ಎಲ್ಲೂ ಇರ್ಲಿಲ್ಲ ಅಂತ ಆಯಮ್ಮಂಗ್ಯಾಕೆ ಗೊತ್ತಾಗ್ಬೇಕು ಸರ್? ಗೊತ್ತಾಗ್ಲಿಲ್ಲ ಅಂದ್ರೇನೇ ನನ್ನ ಕೆಲಸ ಸರಿಯಾಗಿ ಆಗೈತೆ ಅಂತ."