ರೂಬನ್‌ನ ಹಾಡು ಹೆಸ್ಟರ್ ಬಾಯಲ್ಲಿ

ನಾರ್ಫೋಕ್ ಕಡಲಂಚಿನ ನಮ್ಮೂರಲ್ಲಿ ಹೆಸ್ಟರ್ ಲಬ್ಬಕ್ ಅಂದರೆ ಹಾಡಿನ ಹುಚ್ಚಿನ ಟೀಚರಮ್ಮ. ಶಾಲೆ ಬಿಟ್ಟದ್ದೇ ತಡ, ಮೀನು ಸೀಳುವ ಹೆಂಗಸರ ಹತ್ತಿರ, ಹಗ್ಗ ಹಾರುವ ಹುಡುಗಿಯರ ಹತ್ತಿರ ಹೋಗಿ ಕೂತು, ಕೇಳಿದ ಪದವನ್ನೆಲ್ಲ ಚೀಟಿಗೆ ಇಳಿಸುತ್ತಿದ್ದಳು. ಜೋಗುಳಕ್ಕೊಂದು ಪೆಟ್ಟಿಗೆ, ಆಟದ ಪದಕ್ಕೊಂದು ಪೆಟ್ಟಿಗೆ. ಗಂಡ ಮಕ್ಕಳಿಲ್ಲದವಳಿಗೆ ಅದೇ ಸಂಸಾರ.

ಒಂದು ಹಾಡು ಮಾತ್ರ ಪೆಟ್ಟಿಗೆಗೆ ಬಿದ್ದಿರಲಿಲ್ಲ. ಬಾರದೆ ಅಲ್ಲ, ಬಾಯಿಪಾಠವೇ ಇತ್ತು. ಅವಳ ಅವ್ವನ ಜೋಗುಳ ಅದು: "ತೊಟ್ಟಿಲಿಗೆ ಬಾಗಿಲಿಲ್ಲ ಕಂದ, ಕಡಲಿಗೆ ಬೀಗವಿಲ್ಲ." ಸಾಯುವಾಗ ಅವ್ವ ಅದನ್ನು ಕೊಟ್ಟದ್ದು ಇವಳ ತಮ್ಮ ರೂಬನ್‌ಗೆ. ನಮ್ಮಲ್ಲಿ ಹಾಡಿಗೊಬ್ಬ ಒಡೆಯ. ಅವನು ಬದುಕಿರುವ ತನಕ ಬೇರೆಯವರು ಗುನುಗುವುದೂ ಇಲ್ಲ. ಅವನನ್ನು ಮಣ್ಣು ಮಾಡಿದ ಮೇಲೇ ಅದು ಮುಂದಿನವರಿಗೆ.

"ಬರ್ಕೊಳ್ಳೋಕಾದ್ರೂ ಬಿಡೋ," ಅಂದರೆ ರೂಬನ್ ನಗುತ್ತಿದ್ದ. "ನಾನು ಹೋದ್ಮೇಲೆ ನಿಂದೇ ಅಲ್ವೇನಕ್ಕ? ಅಷ್ಟು ಅವಸರಾನಾ?"

ಅವಳ ಹೊಟ್ಟೆ ಉರಿಯುತ್ತಿತ್ತು. ಅವ್ವನ ಹತ್ತಿರ ರಾತ್ರಿಯೆಲ್ಲ ಕೂತವಳು ತಾನು, ಹಾಡು ಮಾತ್ರ ಅವನಿಗೆ.

ಆ ಸುಗ್ಗಿಯಲ್ಲಿ ರೂಬನ್ ಮೀನಿಗೆ ಹೋಗಿದ್ದಾಗ ಲಂಡನ್ನಿನಿಂದ ಒಬ್ಬ ದೊಡ್ಡ ಮನುಷ್ಯ ಅವಳ ಪೆಟ್ಟಿಗೆ ನೋಡಲು ಬಂದ. ಊರೆಲ್ಲ ಶಾಲೆಯಲ್ಲಿ ಸೇರಿತ್ತು. ಅವನು ಚೀಟಿ ತಿರುವಿ, "ಜೋಗುಳ ಇಷ್ಟೇನಾ?" ಅಂತ ಮೂಗು ಮುರಿದ. ಹೆಸ್ಟರ್‌ಗೆ ರೇಗಿತು. ಎದ್ದು ನಿಂತವಳೇ ಅವ್ವನ ಹಾಡನ್ನು ಕೊನೆಯ ತನಕ ಹಾಡಿಬಿಟ್ಟಳು. ಅವನು ತಲೆದೂಗುತ್ತ ಬರೆದುಕೊಂಡ. ಹಿಂದೆ ಕೂತ ಗಂಡಸರು ಮಾತ್ರ, ಹೆಣದ ಮುಂದೆ ತೆಗೆಯುವ ಹಾಗೆ, ಒಬ್ಬೊಬ್ಬರಾಗಿ ಟೋಪಿ ತೆಗೆದರು.

ಪಕ್ಕದ ಮನೆಯ ಮುದುಕಿ ಕೆಜಾಯ ಹೇಳಿದ್ದಿಷ್ಟೇ: "ಬದುಕಿದ್ದವನನ್ನ ಕಳಿಸಿಬಿಟ್ಯಲ್ಲೇ, ತಾಯಿ."

ಹೆಸ್ಟರ್ ದಿನಾ ದಕ್ಕೆಗೆ ಹೋಗಿ ಜೀವ ಕೈಯಲ್ಲಿ ಹಿಡಿದು ಕಾದಳು. ದೋಣಿ ಸುಖವಾಗಿ ಬಂತು. ರೂಬನ್ ಇಳಿದು ಬಂದಾಗ ತಬ್ಬಿಕೊಂಡು ಅತ್ತಳು. ಹಾಳು ಮೂಢನಂಬಿಕೆ ಅಂದುಕೊಂಡಳು.

ಶನಿವಾರ ಹೆಂಡದಂಗಡಿಯಲ್ಲಿ ಹಾಡಿನ ಸರದಿ. ಬಾಗಿಲ ಬಳಿ ಹೆಸ್ಟರ್ ಚೀಟಿ ಹಿಡಿದು ಕೂತಿದ್ದಳು. ಸರದಿ ರೂಬನ್ ಹತ್ತಿರ ಬಂತು. ಅಂಗಡಿಯ ಏಮಸ್ ಅವನಾಚೆ ಕೂತವನ ಹೆಸರು ಕೂಗಿದ.

"ಏನೋ ಏಮಸ್, ನಾನಿಲ್ವಾ ಇಲ್ಲಿ?"

ಏಮಸ್ ಅವನು ಕೂತಿದ್ದ ಬೆಂಚು ಒರೆಸುತ್ತ, ಯಾರಿಗೋ ಹೇಳುವವನ ಹಾಗೆ, "ಆ ಹಾಡು ಈಗ ಟೀಚರಮ್ಮಂದು" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೇ ಇತ್ತು. ರೂಬನ್ ಹಾಡಲು ಬಾಯಿ ತೆರೆದ. ಏನೂ ಬರಲಿಲ್ಲ.

ಆಮೇಲೆ ಒಂದೊಂದೇ. ಅವನು ಒಳಗೆ ಬಂದರೆ ನಾಯಿ ತಲೆ ಎತ್ತದು. ಒದ್ದೆ ಬೂಟಿನಲ್ಲಿ ನಡೆದರೂ ನೆಲ ಒಣಗಿಯೇ ಇರುವುದು. ಹೆಸ್ಟರ್ ಪೆಟ್ಟಿಗೆಯ ಚೀಟಿಯನ್ನೆಲ್ಲ ಸುಟ್ಟಳು, ಬರೆದುಕೊಂಡದ್ದನ್ನು ಹರಿದುಹಾಕಿ ಅಂತ ಲಂಡನ್ನಿಗೆ ಕಾಗದ ಬರೆದು ಬೇಡಿಕೊಂಡಳು. ಏನು ಪ್ರಯೋಜನ? ಹೊರಗೆ, ಕಟ್ಟಳೆ ಅರಿಯದ ಪುಟ್ಟ ಹುಡುಗಿಯರು ಶಾಲೆಯಲ್ಲಿ ಕೇಳಿದ ಅದೇ ಹಾಡಿಗೆ ಹಗ್ಗ ಹಾರುತ್ತಿದ್ದರು.

ಒಂದು ಮಧ್ಯಾಹ್ನ ಅವನನ್ನು ಒಲೆಯ ಮುಂದೆ ಕೂರಿಸಿ, "ತಪ್ಪಾಯ್ತು ಕಣೋ, ನಿಂದು ನೀನು ತಗೋ" ಅಂತ ಅವನ ತಣ್ಣನೆಯ ಕೈ ಹಿಡಿದು ಅಷ್ಟನ್ನೂ ಹಾಡಿದಳು. ರೂಬನ್ ಬೇರೆಯವರ ಮನೆಗೆ ಬಂದವನಂತೆ ಮೈ ಮುದುರಿ ಕೂತು, ಮುಗಿಯುವ ತನಕ ಕೇಳಿದ.

"ಚೆನ್ನಾಗಿ ಹಾಡ್ತೀರಮ್ಮ," ಅಂದ. "ಯಾರ ಹಾಡು ಇದು?"