ಹಡಗಿನ ಮುದುಕ ಹೇಳದ ಮಾತು

ಬಿಸಿಲಿಗೆ ಕಾದ ತಾಡಪತ್ರಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಮೊನ್ನೆ ಹುಬ್ಬಳ್ಳಿಯ ಪೇಟೆಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಬಂದ ಲಾರಿಯ ಮೇಲಿನ ತಾಡಪತ್ರಿಯನ್ನು ಹಮಾಲರು ಎಳೆದು ಕೆಡವಿದರು. ಎಣ್ಣೆ, ಧೂಳು, ಬಿಸಿಲು ಕೂಡಿದ ಆ ಘಾಟು ಬಂದದ್ದೇ ತಡ, ನಾನು ಗುಡಗೇರಿಯ ಸಂತೆ ಬಯಲಿನಲ್ಲಿ, ಟೂರಿಂಗ್ ಟಾಕೀಸಿನ ಡೇರೆಯೊಳಗೆ, ಚಿಗವ್ವನ ಮಗ್ಗುಲಲ್ಲಿ ಕುಳಿತಿದ್ದೆ. ನನಗಾಗ ಹನ್ನೊಂದು ವರ್ಷ. ಐವತ್ತು ದಾಟಿದ ಹೆಂಗಸೊಬ್ಬಳು ನಡುಬೀದಿಯಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡರೆ ನೋಡಿದವರು ಏನೆಂದುಕೊಂಡಾರು? ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ ನನ್ನ ಪಾಡು ನಿಮಗೆ ತಿಳಿಯುತ್ತದೆ.

ನಮ್ಮ ಮನೆ ಗುಡಗೇರಿಯಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆ, ಬಾಗಿಲು ದಾಟಿದರೆ ಎತ್ತುಗಳ ಉಸಿರು, ಅದನ್ನೂ ದಾಟಿದರೆ ಅಡುಗೆಮನೆ. ಬೆಳಕಿಂಡಿಯಿಂದ ಬಿಸಿಲು ನೇರ ಒಲೆಯ ಮುಂದೆ ಬೀಳುತ್ತಿತ್ತು. ಈಗ ಅದೇನೂ ಉಳಿದಿಲ್ಲ, ಆ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಆ ಒಲೆಯ ಮುಂದೆ ಕೂತು ಎರಡು ಹೊತ್ತೂ ರೊಟ್ಟಿ ಬಡಿಯುತ್ತಿದ್ದವಳು ಚಿಗವ್ವ, ಅಪ್ಪನ ತಮ್ಮನ ಹೆಂಡತಿ. ನನ್ನನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅವಳ ಗಂಡ, ನನ್ನ ಕಾಕಾ, ನಾನು ಹುಟ್ಟುವ ಮೊದಲೇ ಅಪ್ಪನೊಡನೆ ಯಾವುದೋ ಮಾತಿಗೆ ಮುನಿಸಿಕೊಂಡು, ಅಳ್ನಾವರದ ಮೇಲೆ ಹೋಗುವ ರೈಲು ಹತ್ತಿ ಗೋವೆಗೆ ಹೋಗಿದ್ದ. ಬಂದರಿನಲ್ಲಿ ಹಮಾಲಿ ಮಾಡಿ, ಆಮೇಲೆ ಯಾವುದೋ ಹಡಗಿನಲ್ಲಿ ಕೆಲಸ ಹಿಡಿದ. ಅವನಿಂದ ಎರಡು ಕಾಗದ ಬಂದವು. ಮೂರನೆಯದು ಬರಲಿಲ್ಲ.

ಚಿಗವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಅಕ್ಷರ ಕೂಡಿಸಲು ಕಲಿತ ಮೇಲೆ ಆ ಎರಡು ಕಾಗದಗಳನ್ನು ಓದುವ ಕೆಲಸ ನನಗೆ ಬಂತು. ಅಮಾವಾಸ್ಯೆಗೊಮ್ಮೆ ಟ್ರಂಕು ತೆಗೆದು ನನ್ನ ಕೈಗೆ ಕೊಟ್ಟು, ಕೇಳಿ ಬಾಯಿಪಾಠವಾದದ್ದನ್ನೇ ಹೊಸದಾಗಿ ಕೇಳುತ್ತಿದ್ದಳು. ಹಡಗಿನಲ್ಲಿ ಅನ್ನಕ್ಕೆ ಕೊರತೆಯಿಲ್ಲ, ರೊಟ್ಟಿ ಮಾತ್ರ ಸಿಗುವುದಿಲ್ಲ ಎಂಬ ಸಾಲು ಬಂದಾಗ ಪ್ರತಿ ಸಲವೂ "ಅಯ್ಯ ನನ್ನಪ್ಪ, ಬರೇ ಅನ್ನಾ ಉಂಡು ಹೆಂಗ ಇರತಾರೋ" ಎಂದು ಮರುಗುತ್ತಿದ್ದಳು. ನಾನು ಓದಿದ್ದೆಲ್ಲ ಅವಳಿಗೆ ನಿಜ. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ, ಅವಳು ಮುತ್ತೈದೆಯಾಗಿಯೇ ಇದ್ದಳು. ಆದರೆ ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು, ಅವನ ದಿನ ಮಾಡುವ ಪದ್ಧತಿ ನಮ್ಮಲ್ಲಿತ್ತು. ಹನ್ನೆರಡು ತುಂಬುತ್ತ ಬಂದಾಗ ಅಪ್ಪ ಒಂದು ಸಲ ಊಟಕ್ಕೆ ಕೂತವನು ತಲೆ ಎತ್ತದೆ ಹೇಳಿದ: "ಬೆಂಕಿ ಕಾಣಲಾರದ ಜೀವ ಅಡ್ಡಾಡಕೋತ ಇರತೈತೆವ್ವಾ. ಅವಗೊಂದು ದಾರಿ ಮಾಡೂಣು." ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೆಣಾ ನೋಡಿದವರು ಯಾರದಾರ್ರಿ?" ಎಂದಳು. ಅಪ್ಪ ಮತ್ತೆ ಆ ಮಾತು ತೆಗೆಯಲಿಲ್ಲ.

ಆ ಬೇಸಿಗೆಯಲ್ಲಿ ಡೇರೆಗೆ ದೆವ್ವದ ಹಡಗಿನ ಹಿಂದಿ ಸಿನಿಮಾ ಬಂತು. ಗೆಳತಿ ಮೆಹಬೂಬಿ, ಅವಳ ಅಬ್ಬಾ, ಅವರ ಜೊತೆ ನಾನು, ಮೂವರೂ ಹೋದೆವು. ಅರ್ಧ ಆಗುವಷ್ಟರಲ್ಲಿ ಮೆಹಬೂಬಿ ಕಿಟಾರನೆ ಕಿರುಚಿಕೊಂಡು ಅಳಲು ಶುರುಮಾಡಿದ್ದರಿಂದ ಅವಳ ಅಬ್ಬಾ ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. ಕೊನೆ ಏನಾಯಿತೆಂದು ತಿಳಿಯದೆ ನನಗೆ ಅನ್ನ ಸೇರದಾಯಿತು. ಅಪ್ಪನನ್ನು ಕೇಳುವ ಧೈರ್ಯವಿರಲಿಲ್ಲ. ಉಳಿದವಳು ಚಿಗವ್ವ. "ಸಮುದ್ರ ತೋರಸ್ತಾರ ಚಿಗವ್ವಾ, ಹಡಗಾ ತೋರಸ್ತಾರ. ಕಡೀಕ ಎಲ್ಲಾರೂ ಮನೀಗೆ ಬರತಾರ" ಎಂದೆ. ಕೊನೆ ನೋಡಿರಲಿಲ್ಲವಲ್ಲ, ನನಗೆ ಬೇಕಾದ ಕೊನೆ ನಾನೇ ಕಟ್ಟಿದೆ. ದೆವ್ವದ ಸುದ್ದಿಯನ್ನು ಎತ್ತಲೇ ಇಲ್ಲ. ಅವಳ ಮುಖ ಅರಳಿತು. "ಅಲ್ಲಿ ಒಲಿ ಎಲ್ಲಿ ಹಚ್ಚತಾರ, ಎಲ್ಲಿ ಮಲಗತಾರ, ಎಲ್ಲಾ ತೋರಸ್ತಾರೇನ?" ಎಂದು ಕೇಳಿದಳು. ತೋರಿಸುತ್ತಾರೆ ಎಂದೆ.

ಚಿಗವ್ವ ಅಲ್ಲಿಯತನಕ ನೋಡಿದ್ದು ದೇವರ ಸಿನಿಮಾ ಮಾತ್ರ. ಹಾಗಾಗಿ ದೆವ್ವದ ಸಿನಿಮಾಕ್ಕೂ ಚಪ್ಪಲಿಯನ್ನು ಡೇರೆಯ ಹೊರಗೇ ಬಿಟ್ಟು, ಪರದೆಗೆ ಕೈಮುಗಿದು, ಹೆಂಗಸರ ಕಡೆ ಉಸುಕಿನ ಮೇಲೆ ಕುಳಿತಳು. ನನಗೆ ನಗು ಬಂದಿತ್ತು. ಪರದೆಯ ಮೇಲೆ ಕಂಡದ್ದು ಎಲ್ಲೋ ನಡೆದದ್ದೇ ಎಂದು ಅವಳು ನಂಬಿದ್ದಾಳೆಂಬುದು ನನಗೆ ಆಗಲೂ ಗೊತ್ತಿತ್ತು. ಮಂಜಿನೊಳಗಿಂದ ಹಡಗು ಬಂದಾಗ ಸುತ್ತಲಿನ ಹೆಂಗಸರು ಕಣ್ಣು ಮುಚ್ಚಿಕೊಂಡರು, ಚಿಗವ್ವ ಮುಚ್ಚಲಿಲ್ಲ. ಒಬ್ಬೊಬ್ಬನೇ ಸತ್ತ ನಾವಿಕ ಎದ್ದು ಬಂದಂತೆ ಕುತ್ತಿಗೆ ಚಾಚಿ ಅವನ ಮುಖ ನೋಡುತ್ತಿದ್ದಳು. ಯಾರನ್ನು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಬೇಕಿತ್ತು. ಅವರೆಲ್ಲ ತಾಟಿನ ಮುಂದೆ ಕೂತು ಏನನ್ನೂ ಮುಟ್ಟದೆ ಇದ್ದಾಗ "ಉಣ್ಣೂದಿಲ್ಲೇನ ಇವರು?" ಎಂದು ಪಿಸುಗುಟ್ಟಿದಳು. "ಸತ್ತಾರ ಚಿಗವ್ವಾ" ಎಂದೆ. ಮನೆಗೆ ಬರುತ್ತಾರೆಂದು ಹೇಳಿದ್ದೆಯಲ್ಲ ಎಂದು ಅವಳು ಕೇಳಲಿಲ್ಲ.

ಕೊನೆಗೆ ಗಡ್ಡದ ಮುದುಕ ನಾವಿಕನೊಬ್ಬ ನಮ್ಮ ಕಡೆ ತಿರುಗಿ ದೊಡ್ಡ ಮಾತೊಂದನ್ನು ಆಡಿದ. "ಏನಂತಾನ ಅಂವಾ?" ಎಂದು ಚಿಗವ್ವ ನನ್ನ ಮೊಣಕೈ ಹಿಡಿದಳು. ನಾನು ಸಾಲಿಯಲ್ಲಿ ಹಿಂದಿ ಕಲಿಯಲು ಶುರುಮಾಡಿ ವರ್ಷವೂ ಆಗಿರಲಿಲ್ಲ. ಅವನು ಆಡಿದ್ದರಲ್ಲಿ ನೀರು, ಮನೆ ಎಂಬ ಎರಡು ಶಬ್ದ ಬಿಟ್ಟು ನನಗೆ ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮುಂದೆ ಕೂತ ಹೆಂಗಸರೂ ನನ್ನ ಕಡೆ ತಿರುಗಿದ್ದರು, ನನಗೆ ಜಂಬ ಏರಿತ್ತು. "ಮನ್ಯಾಗಿನವರು ನಮಗ ಬೆಂಕಿ ಕಾಣಸಲಿಲ್ಲ, ಅದಕ್ಕ ನೀರಾಗ ಅಡ್ಡಾಡಾಕತ್ತೇವಿ ಅಂತಾನ" ಎಂದುಬಿಟ್ಟೆ. ಅದು ಅಪ್ಪ ಊಟಕ್ಕೆ ಕೂತಾಗ ಆಡಿದ ಮಾತು. ಅದನ್ನೇ ಎತ್ತಿ ಆ ಮುದುಕನ ಬಾಯಿಗೆ ಹಾಕಿದ್ದೆ. ಹೆಂಗಸರು ಲೊಚಗುಟ್ಟಿದರು. ಚಿಗವ್ವ ನನ್ನ ಮೊಣಕೈ ಬಿಟ್ಟಳು.

ಮರುದಿನ ಮುಂಜಾನೆ ಒಲೆಯ ಮುಂದೆ, ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಆ ಮುದುಕ ಖರೇನ ಹಂಗಂದನೇನವ್ವಾ?" ಇಲ್ಲ ಎಂದರೆ ದೆವ್ವದ ಸಿನಿಮಾಕ್ಕೆ ಸುಳ್ಳು ಹೇಳಿ ಕರೆದೊಯ್ದದ್ದೂ ಹೊರಬಿದ್ದು ಅಪ್ಪನ ಕೈಯಲ್ಲಿ ಪೆಟ್ಟು ತಿನ್ನಬೇಕಾಗುತ್ತದೆ ಎಂದು ಹೆದರಿದೆ. "ಖರೇನ" ಎಂದೆ. ನನ್ನ ಮಾತು ನಂಬಿ ಅವಳು ಮತ್ತೆ ಹಿಟ್ಟು ನಾದತೊಡಗಿದಳು. ಅವತ್ತೇ ಅವಳು ಅಪ್ಪನ ಮುಂದೆ ಸೆರಗು ಹೊದ್ದು ನಿಂತು ಹೇಳಿದಳು: "ಅವರ ದಿನಾ ಮಾಡ್ರಿ. ನನ್ನ ಸಲವಾಗಿ ಅವರು ಯಾಕ ಅಡ್ಡಾಡಬೇಕು?"

ಹಳ್ಳದ ದಂಡೆಯಲ್ಲಿ ಮೊಳದುದ್ದದ ಬೊಂಬೆಯನ್ನು ಸುಟ್ಟರು. ಅದು ಉರಿದು ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುದುಕಿಯರು ಚಿಗವ್ವನನ್ನು ಕೂಡಿಸಿ ಬಳೆ ಒಡೆದರು, ಹಣೆ ಒರೆಸಿದರು. ಅವಳಿಗಾಗ ಮೂವತ್ತೂ ದಾಟಿರಲಿಲ್ಲ. ನಾನು ಅಲ್ಲೇ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಓಡಿಹೋಗಿ "ಸುಳ್ಳು, ನಾನು ಸುಳ್ಳು ಹೇಳಿದೆ" ಎನ್ನಲು ಕಾಲವಿತ್ತು. ಒಂದೊಂದೇ ಬಳೆ ಒಡೆದರು, ಅಷ್ಟು ಕಾಲವಿತ್ತು. ಅನ್ನಲಿಲ್ಲ. ಆಮೇಲೆ ಅವಳು ಟ್ರಂಕಿನ ಕಾಗದ ತೆಗೆಯಲಿಲ್ಲ, ಓದು ಎಂದೂ ಕೇಳಲಿಲ್ಲ.

ಮುಂದೆ ನಾನು ಕಲಘಟಗಿಯಲ್ಲಿ ಹಿಂದಿಯನ್ನೇ ಕಲಿಸುವ ಟೀಚರ್ ಆದೆ, ನಗಬೇಡಿ. ಚಿಗವ್ವ ಕೊನೆಯತನಕ ನನ್ನ ಜೊತೆಗೇ ಇದ್ದಳು. ಕಾಕಾನ ಸುದ್ದಿ ಬರಲೇ ಇಲ್ಲ, ಸತ್ತದ್ದೂ ಇಲ್ಲ, ಬದುಕಿದ್ದೂ ಇಲ್ಲ. ಆ ಸಿನಿಮಾವನ್ನು ಹುಡುಕಿ ನೋಡಿ, ಮುದುಕ ಏನೆಂದನೆಂದು ತಿಳಿದುಕೊಳ್ಳುವ ಧೈರ್ಯ ನನಗೆ ಆಗಲಿಲ್ಲ. ಅವಳು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಬಾಜೂ ಮನೆಯ ಹೆಂಗಸು ಮಾತಾಡಿಸಲು ಬಂದಿದ್ದಳು. ಚಿಗವ್ವ ನನ್ನ ಕಡೆ ಕೈ ಮಾಡಿ ಹೇಳಿದಳು: "ಈಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲವ್ವಾ. ಆದರ ಈಕಿ ಹಿಂದಿ ಕಲತದ್ದಕ್ಕ ನನ್ನ ಗಂಡ ದಂಡಿಗೆ ಹತ್ತಿದ. ಇಲ್ಲಾಂದ್ರ ಇನ್ನೂ ನೀರಾಗ ಅಡ್ಡಾಡತಿದ್ದ." ಆ ಹೆಂಗಸು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಹಾಸಿಗೆಯ ಅಂಚಿಗೆ ಕೂತು "ಚಿಗವ್ವಾ" ಎಂದೆ. "ಏನವ್ವಾ?" ಎಂದು ನನ್ನ ಕಡೆ ಮುಖ ತಿರುಗಿಸಿದಳು. "ನೀರು ಬೇಕೇನ?" ಎಂದು ಕೇಳಿದೆ.